ಲೋಟದ ಹೊಟ್ಟೆ ಮೇಲೆ ಹೆಸರು

ರಾತ್ರಿ ಒಂಬತ್ತೂವರೆ. ಲೋಟವನ್ನು ನಲ್ಲಿ ಕೆಳಗೆ ಹಿಡಿದೆ. ಅಷ್ಟು ಹೊತ್ತು ಕಪ್ಪಗೆ, ಮುದ್ದಾಗಿ ಕೂತಿದ್ದ ಅಕ್ಷರಗಳು ನೀರು ಬಿದ್ದ ತಕ್ಷಣ ಬಿಟ್ಟುಕೊಂಡು ಸಿಂಕಿಗೆ ಇಳಿದವು. ಉಳಿದದ್ದು ಒಂದು ‘ಷ’, ಅರ್ಧ ‘ಪೂ’, ಕೊನೆಗೊಂದು ಒತ್ತಿನ ಬಾಲ. ಷಷ್ಟಿಪೂರ್ತಿಗೆ ಬಂದವರ ಕೈಗೆ ಕೊಡಲು ಮಾಡಿಸಿದ ಸ್ಟೀಲ್ ಲೋಟಗಳು ಅವು. ಒಟ್ಟು ಅರವತ್ತು. ಬೆಳಿಗ್ಗೆ ಏಳಕ್ಕೆ ಬಸವನಗುಡಿಯ ಛತ್ರಕ್ಕೆ ಮುಟ್ಟಿಸಬೇಕು.

ಇನ್ನೊಂದು ತೊಳೆದೆ. ಹೆಸರು ನಿಂತಿತು. ಮತ್ತೊಂದು ತೊಳೆದೆ, ಅದೂ ನಿಂತಿತು. ನಾಲ್ಕನೆಯದು ಹೋಯಿತು. ಎಲ್ಲ ಅರವತ್ತೂ ಹೋಗಿದ್ದರೆ ಮಷಿನ್ನಿಗೆ ಬೈದು ಸುಮ್ಮನಾಗಬಹುದಿತ್ತು. ಒಂದು ನಿಂತು ಪಕ್ಕದ್ದು ಹೋಗುತ್ತದೆ ಅಂದರೆ ಅದು ಮಷಿನ್ ತಪ್ಪಲ್ಲ, ನನ್ನ ಕೈ ತಪ್ಪು.

ಕಾಮಾಕ್ಷಿಪಾಳ್ಯದಲ್ಲಿ ನನ್ನದೊಂದು ಶಟರ್ ಅಂಗಡಿ ಇದೆ. ಒಳಗೆ ಒಂದು ಸಿಓಟೂ (ಅಂದರೆ ಕಾರ್ಬನ್ ಡೈಆಕ್ಸೈಡ್) ಲೇಸರ್ ಮಷಿನ್, 60 ವ್ಯಾಟಿನ ಗಾಜಿನ ಟ್ಯೂಬು, ಅದನ್ನು ತಣ್ಣಗಿಡಲು ನೀರು ಸುತ್ತಿಸುವ ಚಿಲ್ಲರ್, ಹೊಗೆ ಎಳೆಯುವ ಒಂದು ದಪ್ಪ ಪೈಪು. ಶುರು ಮಾಡಿದ್ದು ಮರದ ನೇಮ್‌ಪ್ಲೇಟು, ಅಕ್ರಿಲಿಕ್ ಬೋರ್ಡುಗಳಿಂದ. ಆಮೇಲೆ ಜನ ಸ್ಟೀಲ್ ಹಿಡಿದುಕೊಂಡು ಬರೋಕೆ ಶುರು ಮಾಡಿದರು. ಗೃಹಪ್ರವೇಶಕ್ಕೆ ಡಬ್ಬಿ, ನಾಮಕರಣಕ್ಕೆ ಬಟ್ಟಲು, ರಿಟೈರ್ ಆಗುವ ಮೇಷ್ಟ್ರಿಗೆ ಫ್ಲಾಸ್ಕು. ಎಲ್ಲರೂ ಕೇಳುವ ಪ್ರಶ್ನೆ ಎರಡೇ. ಒಂದು, ಎಷ್ಟಾಗುತ್ತೆ? ಇನ್ನೊಂದು, ಅಳಿಸಿ ಹೋಗಲ್ಲ ತಾನೆ?

ಮೊದಲನೆಯದಕ್ಕೆ ಉತ್ತರ ಹೇಳೋದು ಸುಲಭ.

ನನ್ನ ಮಷಿನ್ನಿನ ಕಿರಣ ಬರೀ ಸ್ಟೀಲಿನ ಮೇಲೆ ಏನೂ ಮಾಡೋದಿಲ್ಲ. ಇದನ್ನು ಹೇಳಿದರೆ ಜನ ನಂಬಲ್ಲ. ಲೇಸರ್ ಅಂದರೆ ಏನನ್ನು ಬೇಕಾದರೂ ಕೊರೆದುಹಾಕುತ್ತದೆ ಅನ್ನೋದು ಸಿನಿಮಾ ನೋಡಿ ಬಂದ ನಂಬಿಕೆ. ಸಿಓಟೂ ಲೇಸರಿನ ಅಲೆಯುದ್ದ 10.6 ಮೈಕ್ರಾನ್. ಮರ, ಅಕ್ರಿಲಿಕ್, ಗಾಜು, ಚರ್ಮ ಎಲ್ಲ ಅದನ್ನು ಕುಡಿದುಬಿಡುತ್ತವೆ. ಹೊಳೆಯುವ ಲೋಹ ಅದನ್ನು ಕನ್ನಡಿ ಹಾಗೆ ವಾಪಸ್ ಕಳಿಸುತ್ತದೆ. ಸುಮ್ನೆ ಹೋಲಿಕೆಗೆ ಹೇಳ್ತಿಲ್ಲ, ಮಷಿನ್ ಒಳಗೆ ಕಿರಣವನ್ನು ಮೂಲೆಯಿಂದ ಮೂಲೆಗೆ ತಿರುಗಿಸುವ ಕನ್ನಡಿಗಳು ಎಷ್ಟೋ ಮಷಿನ್‌ಗಳಲ್ಲಿ ಲೋಹದ ಬಿಲ್ಲೆಗಳೇ. ನನ್ನದರಲ್ಲಿ ಇರೋದು ಮಾಲಿಬ್ಡಿನಮ್ ಬಿಲ್ಲೆ. ಈ ಹೆಸರು ನೆನಪಿಟ್ಟುಕೊಳ್ಳಿ, ಮತ್ತೆ ಬರುತ್ತದೆ.

ಲೋಹಕ್ಕೆ ಅಂತಲೇ ಫೈಬರ್ ಲೇಸರ್ ಇದೆ. ಅದರ ಅಲೆಯುದ್ದ ಹತ್ತನೇ ಒಂದು ಭಾಗ, ಸುಮಾರು 1.06 ಮೈಕ್ರಾನ್. ಅದನ್ನು ಸ್ಟೀಲು ಒಪ್ಪಿಕೊಳ್ಳುತ್ತದೆ. ಪೀಣ್ಯದಲ್ಲಿ ಬೇರಿಂಗು, ವಾಲ್ವುಗಳ ಮೇಲೆ ನಂಬರ್ ಹಾಕೋದು ಅದರಲ್ಲೇ. ಆದರೆ ಅದು ಮರ ಕೊರೆಯೋದಿಲ್ಲ, ಗಾಜಿನ ಹಾಗೆ ಆಚೆ ಕಾಣುವ ಅಕ್ರಿಲಿಕ್ಕನ್ನು ಮುಟ್ಟದೆ ದಾಟಿಹೋಗುತ್ತದೆ. ನನ್ನಂಥ ಸಣ್ಣ ಅಂಗಡಿಯವನು ಎರಡೂ ಇಟ್ಟುಕೊಳ್ಳಬೇಕು ಅಂದರೆ ಇನ್ನೊಂದು ಸಾಲ. ಹಾಗಾಗಿ ಇರುವ ಮಷಿನ್ನಿನಲ್ಲೇ ಸ್ಟೀಲಿಗೆ ಹೆಸರು ಹಾಕುವ ಅಡ್ಡದಾರಿ ಹುಡುಕಿದೆ. (ಈ ಸಿಓಟೂ ಲೇಸರ್ ಕಂಡುಹಿಡಿದವರು ನಮ್ಮ ಪಕ್ಕದ ರಾಜ್ಯದ ಬಾರಾಮತಿಯಲ್ಲಿ ಹುಟ್ಟಿದ ಕುಮಾರ್ ಪಟೇಲ್, 1964ರಲ್ಲಿ, ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ. ನನ್ನ ಮಷಿನ್ನಿಗೆ ಆಯುಧಪೂಜೆ ದಿನ ಕುಂಬಳಕಾಯಿ ಒಡೆಯುವಾಗ ಅವರನ್ನೂ ಒಂದು ಸಲ ನೆನೆಸಿಕೊಳ್ಳುತ್ತೇನೆ.)

ಅಡ್ಡದಾರಿ ಅಂದರೆ ಬಾಂಡಿಂಗ್ ಕಾಂಪೌಂಡು. ಸರ್‌ಮಾರ್ಕ್, ಥರ್‌ಮಾರ್ಕ್ ಅಂತ ಹೆಸರಿನಲ್ಲಿ ಬರುತ್ತದೆ. ಸಣ್ಣ ಬಾಟಲಿಗೂ ಸಾವಿರಗಟ್ಟಲೆ. ನೋಡೋಕೆ ಕೆಸರುನೀರು. ಸ್ಪಿರಿಟ್ಟಿನಲ್ಲಿ ತೆಳ್ಳಗೆ ಮಾಡಿಕೊಂಡು ಲೋಹದ ಮೇಲೆ ಸಿಂಪಡಿಸಿ, ಒಣಗಿಸಿ, ಅದರ ಮೇಲೆ ಲೇಸರ್ ಓಡಿಸಬೇಕು. ಲೋಹ ಕುಡಿಯದ ಕಿರಣವನ್ನು ಈ ಪುಡಿ ಕುಡಿಯುತ್ತದೆ, ಕಾಯುತ್ತದೆ, ಕರಗಿ ಸ್ಟೀಲಿನ ಮೈಗೆ ಕಚ್ಚಿಕೊಳ್ಳುತ್ತದೆ. ಕಿರಣ ಬೀಳದ ಕಡೆ ಪುಡಿ ಪುಡಿಯಾಗಿಯೇ ಇರುತ್ತದೆ, ನೀರಿಗೆ ಹಿಡಿದರೆ ಹೋಗುತ್ತದೆ. ಉಳಿಯೋದು ಕಪ್ಪು ಅಕ್ಷರ. ಇದು ಬಣ್ಣವೂ ಅಲ್ಲ, ಕೆತ್ತನೆಯೂ ಅಲ್ಲ. ಎನಾಮಲ್ ಪಾತ್ರೆಯ ಮೇಲಿನ ಹೂವು ಇರುತ್ತಲ್ಲ, ಅದರ ದೂರದ ನೆಂಟ ಅನ್ನಬಹುದು. ಕಪ್ಪು ಬರೋದಕ್ಕೆ ಮುಖ್ಯ ಕಾರಣ ಅದರಲ್ಲಿರುವ ಮಾಲಿಬ್ಡಿನಮ್. ಮಷಿನ್ ಒಳಗೆ ಕನ್ನಡಿಯಾಗಿ ಕಿರಣವನ್ನು ವಾಪಸ್ ಕಳಿಸುವ ಅದೇ ಲೋಹ, ಲೋಟದ ಮೇಲೆ ಬೇರೆ ರೂಪದಲ್ಲಿ ಕೂತು ಅದೇ ಕಿರಣವನ್ನು ನುಂಗುತ್ತದೆ.

ದುಡ್ಡು ಉಳಿಸುವವರು ಎಸ್.ಪಿ. ರೋಡಿನ ಸುತ್ತಮುತ್ತ ಹುಡುಕಿ ಮಾಲಿಬ್ಡಿನಮ್ ಡೈಸಲ್ಫೈಡ್ ಇರುವ ಒಣ ಲೂಬ್ರಿಕೆಂಟ್ ಸ್ಪ್ರೇ ತರುತ್ತಾರೆ. ಅದೂ ಕೆಲಸ ಮಾಡುತ್ತದೆ. ವಾಸನೆ ಮಾತ್ರ ಕೆಟ್ಟದು, ಮಿಕ್ಕ ಪುಡಿ ಬರೀ ನೀರಿಗೆ ಬಿಡಲ್ಲ, ಸ್ಪಿರಿಟ್ ಹಾಕಿ ಒರೆಸಬೇಕು. ನಾನು ಪ್ರಾಕ್ಟೀಸಿಗೆ ಅದನ್ನು ಬಳಸುತ್ತೇನೆ, ಗಿರಾಕಿ ಮಾಲಿಗೆ ಬಳಸೋದಿಲ್ಲ.

ಮತ್ತೆ ಆ ರಾತ್ರಿಗೆ ಬರುತ್ತೇನೆ. ಇಪ್ಪತ್ತೆರಡು ಲೋಟ ಕೈಕೊಟ್ಟಿದ್ದವು. ನಿಂತವು ಯಾವುವು, ಹೋದವು ಯಾವುವು ಅಂತ ಎರಡು ಸಾಲು ಮಾಡಿ ಇಟ್ಟು ನೋಡುತ್ತಾ ಕೂತೆ. ಹೋದ ಲೋಟಗಳೆಲ್ಲ ಬೇರೆ ಪ್ಯಾಕೆಟ್ಟಿನವು. ಜಾಸ್ತಿ ಹೊಳಪು. ಒಂದನ್ನು ಮೂಗಿನ ಹತ್ತಿರ ಹಿಡಿದೆ, ಮೇಣದ ವಾಸನೆ ಸಣ್ಣಗೆ ಬಂತು. ಬಫಿಂಗ್ ಸೋಪು! ಸ್ಟೀಲ್ ಪಾತ್ರೆಗೆ ಹೊಳಪು ಬರಿಸುವಾಗ ತಿರುಗುವ ಬಟ್ಟೆ ಚಕ್ರಕ್ಕೆ ಒಂದು ಗಟ್ಟಿ ಸೋಪಿನಂಥದ್ದನ್ನು ಹಚ್ಚುತ್ತಾರೆ, ಅದರಲ್ಲಿ ಕೊಬ್ಬು, ಮೇಣ, ಉಜ್ಜುವ ಪುಡಿ ಎಲ್ಲ ಇರುತ್ತದೆ. ಅದರ ಪೊರೆ ಪಾತ್ರೆ ಮೈಮೇಲೆ ಉಳಿದರೆ ಕಣ್ಣಿಗೆ ಕಾಣಲ್ಲ. ನಾನು ಅರವತ್ತನ್ನೂ ಒಂದೊಂದು ಸಲ ಸ್ಪಿರಿಟ್ಟಿನಲ್ಲಿ ಒರೆಸಿದ್ದೆ, ಅದೂ ಒಂದೇ ಬಟ್ಟೆಯಲ್ಲಿ. ಅಂದರೆ ಒಂದರ ಜಿಡ್ಡನ್ನು ಇನ್ನೊಂದಕ್ಕೆ ಬಳಿದಿದ್ದೆ, ಅಷ್ಟೇ. ನನ್ನ ಕಾಂಪೌಂಡು ಸ್ಟೀಲನ್ನು ಕಚ್ಚಿರಲೇ ಇಲ್ಲ, ಮೇಣವನ್ನು ಕಚ್ಚಿತ್ತು.

ಇದನ್ನು ಕಂಡುಹಿಡಿಯೋಕೆ ಯಾವ ಮೀಟರೂ ಬೇಡ. ತೊಳೆದ ಲೋಟದ ಮೇಲೆ ನೀರು ಬಿಟ್ಟು ನೋಡಿ. ನೀರು ಹಾಳೆ ಹಾಗೆ ಒಂದೇ ಸಮ ಹರಡಿ ನಿಂತರೆ ಮೈ ಚೊಕ್ಕವಾಗಿದೆ. ಕೆಸುವಿನ ಎಲೆ ಮೇಲಿನ ಹಾಗೆ ಮುತ್ತು ಮುತ್ತಾಗಿ ಜಾರಿದರೆ ಜಿಡ್ಡಿದೆ. ಇಷ್ಟೇ. ಇದನ್ನು ನಾನು ಆ ರಾತ್ರಿಗೆ ಮುಂಚೆಯೇ ಎಷ್ಟೋ ಜನಕ್ಕೆ ಹೇಳಿದ್ದೆ, ನಾನೇ ಮಾಡಿರಲಿಲ್ಲ.

ತಮಾಷೆ ಏನು ಗೊತ್ತಾ? ಕೆಟ್ಟ ಲೋಟದಲ್ಲಿ ಪೂರ್ತಿ ಹೋಗಿದ್ದರೆ ಒಳ್ಳೆಯದಿತ್ತು. ಅರ್ಧ ‘ಪೂ’ ನಿಂತಿತ್ತಲ್ಲ, ಅದು ಏನು ಮಾಡಿದರೂ ಹೋಗಲಿಲ್ಲ. ಪಾತ್ರೆ ಉಜ್ಜುವ ಸ್ಟೀಲ್ ನಾರು, ಸಬೀನಾ ಪುಡಿ, ಕೊನೆಗೆ ಮರಳು ಕಾಗದ. ಅಕ್ಷರದ ಸುತ್ತ ಸ್ಟೀಲು ಗೀರಿತು, ಅಕ್ಷರ ಅಲ್ಲೇ ಕೂತಿತ್ತು. ಗಿರಾಕಿಗೆ ‘ಅಳಿಸಿ ಹೋಗಲ್ಲ ಸಾರ್’ ಅಂತ ಧೈರ್ಯವಾಗಿ ಹೇಳಬಹುದಾದ ಪುರಾವೆ ಕೈಯಲ್ಲಿತ್ತು. ಆದರೆ ಆಗ ನನಗೆ ಬೇಕಾಗಿದ್ದದ್ದು ಅದು ಅಳಿಸೋದು. ಹತ್ತೂವರೆಗೆ ಪಕ್ಕದ ಬೀದಿಯ ಬಫಿಂಗ್ ಶೆಡ್ಡಿನವರನ್ನು ಎಬ್ಬಿಸಿ, ಕೈಕಾಲು ಹಿಡಿದು, ಇಪ್ಪತ್ತೆರಡನ್ನೂ ಚಕ್ರಕ್ಕೆ ಹಿಡಿಸಿದೆ. ಅವರು ಚಕ್ರಕ್ಕೆ ಹಚ್ಚಿದ್ದು ಅದೇ ಬಫಿಂಗ್ ಸೋಪು. ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ.

ಆಮೇಲೆ ಬಿಸಿನೀರು, ಪಾತ್ರೆ ತೊಳೆಯುವ ಲಿಕ್ವಿಡ್ಡು, ಮತ್ತೆ ಬಿಸಿನೀರು. ಥಿನ್ನರ್. ಹೊಸ ಬಟ್ಟೆ. ಐಸೋಪ್ರೊಪೈಲ್ ಆಲ್ಕೊಹಾಲ್. ಮತ್ತೊಂದು ಹೊಸ ಬಟ್ಟೆ. ಕೈಗೆ ಗ್ಲೌಸು, ಯಾಕೆಂದರೆ ಬೆರಳಿನ ಎಣ್ಣೆಯೇ ಸಾಕು, ಎಷ್ಟೋ ಸಲ ಅಕ್ಷರದ ನಡುವೆ ಹೆಬ್ಬೆಟ್ಟಿನ ಆಕಾರದಲ್ಲಿ ಖಾಲಿ ಬಿಟ್ಟುಹೋಗಿದ್ದನ್ನು ನೋಡಿದ್ದೇನೆ.

ಎರಡನೇ ಗುಟ್ಟು ಲೇಪ. ಬಾಟಲಿಯನ್ನು ಸರಿಯಾಗಿ ಅಲ್ಲಾಡಿಸಬೇಕು, ಪುಡಿ ಭಾರ, ಎರಡು ನಿಮಿಷ ಬಿಟ್ಟರೆ ತಳ ಸೇರುತ್ತದೆ. ದಪ್ಪ ಹಚ್ಚಿದರೆ ಕಪ್ಪು ಜಾಸ್ತಿ ಬರುತ್ತದೆ ಅಂತ ಹೊಸಬರು ಅಂದುಕೊಳ್ಳುತ್ತಾರೆ. ತದ್ವಿರುದ್ಧ. ದಪ್ಪ ಹಚ್ಚಿದರೆ ಕಿರಣ ಮೇಲಿನ ಪದರವನ್ನು ಕರಗಿಸುತ್ತದೆ, ಕೆಳಗೆ ಸ್ಟೀಲಿನ ತನಕ ಶಾಖ ಮುಟ್ಟಲ್ಲ, ಮೇಲಿನ ಹೊದಿಕೆ ಚಕ್ಕೆಯಾಗಿ ಏಳುತ್ತದೆ. ತೀರಾ ತೆಳುವಾದರೆ ಕಂದು ಕಂದು. ದೋಸೆ ಕಾವಲಿಗೆ ಎಣ್ಣೆ ಸವರುವ ಅಂದಾಜು ಇರುತ್ತಲ್ಲ, ಅದನ್ನು ಯಾರೂ ಗ್ರಾಮಿನಲ್ಲಿ ಹೇಳಲ್ಲ, ಹಾಗೆ ಇದು. ಸ್ಟೀಲಿನ ಹೊಳಪು ಮುಚ್ಚಬೇಕು, ಲೇಪದ ದಪ್ಪ ಕಾಣಬಾರದು. ನಾನು ಏರ್‌ಬ್ರಶ್ಶಿನಲ್ಲಿ ಲೋಟವನ್ನು ತಿರುಗಿಸುತ್ತಾ ಸಿಂಪಡಿಸುತ್ತೇನೆ. ದುಂಡನೆಯ ವಸ್ತುವಿನ ಕಷ್ಟ ಇಲ್ಲೇ ಶುರು. ಬ್ರಶ್ಶಿನಲ್ಲಿ ಹಚ್ಚಿದರೆ ದ್ರವ ಇಳಿಜಾರಿಗೆ ಹರಿದು ಕೆಳಗೆ ಗಟ್ಟಿ, ಮೇಲೆ ತೆಳು. ಸಪಾಟು ತಟ್ಟೆಯಲ್ಲಿ ಈ ರಗಳೆ ಇಲ್ಲ.

ಇನ್ನು ಲೇಸರ್. ನನ್ನ ಮಷಿನ್ನಿನಲ್ಲಿ ಸ್ಟೀಲಿಗೆ ಶೇ. 80 ಪವರ್, ಸೆಕೆಂಡಿಗೆ 200 ಮಿ.ಮೀ. ವೇಗ, ಗೆರೆ ಗೆರೆಗೆ 0.08 ಮಿ.ಮೀ. ಅಂತರ. ಇದನ್ನು ಹಾಗೇ ಕಾಪಿ ಮಾಡಬೇಡಿ. ನಿಮ್ಮ ಟ್ಯೂಬಿನ ವಯಸ್ಸು ಬೇರೆ, ನಿಮ್ಮ ಲೆನ್ಸಿನ ಮೇಲೆ ಕೂತ ಧೂಳು ಬೇರೆ. ಒಂದು ಹಾಳು ಚಮಚದ ಮೇಲೆ ಚೌಕ ಚೌಕ ಹಾಕಿ, ತೊಳೆದು, ಉಜ್ಜಿ, ಯಾವ ಚೌಕ ನಿಂತಿತು ನೋಡಿ.

ಈಗ ದುಂಡಿನ ವಿಷಯ. ಲೇಸರ್ ಕಿರಣ ಒಂದು ಎತ್ತರದಲ್ಲಿ ಮಾತ್ರ ಸೂಜಿಮೊನೆ. ಅದಕ್ಕಿಂತ ಮೇಲೆ ಕೆಳಗೆ ಹೋದರೆ ಮೊನೆ ಅಗಲ ಆಗುತ್ತದೆ, ಬಿಸಿ ಹರಡಿಹೋಗುತ್ತದೆ. ಎರಡಿಂಚಿನ ಲೆನ್ಸಿನಲ್ಲಿ ನನಗೆ ಸಿಗುವ ಅವಕಾಶ ಒಟ್ಟು ಸುಮಾರು 2 ಮಿ.ಮೀ. ಲೋಟದ ಅಡ್ಡಳತೆ 70 ಮಿ.ಮೀ. ಅಂತ ಇಟ್ಟುಕೊಳ್ಳಿ. ಅದನ್ನು ಮಲಗಿಸಿ, ತಿರುಗಿಸದೆ, 20 ಮಿ.ಮೀ. ಅಗಲದ ಹೆಸರು ಹಾಕಿದರೆ ನಡುವಿಗಿಂತ ಅಂಚು ಒಂದೂವರೆ ಮಿ.ಮೀ. ತಗ್ಗಿನಲ್ಲಿರುತ್ತದೆ. ಪರವಾಗಿಲ್ಲ. 30 ಮಿ.ಮೀ. ಅಗಲಕ್ಕೆ ಹೋದರೆ ಸುಮಾರು 3.4. 40ಕ್ಕೆ 6.3. ನೋಡಿ, ಅಗಲ ಎರಡು ಪಟ್ಟಾದರೆ ತಗ್ಗು ನಾಲ್ಕು ಪಟ್ಟಿಗೂ ಜಾಸ್ತಿ. ಆಸೆ ಸ್ವಲ್ಪ ಜಾಸ್ತಿ ಆದರೂ ಅಂಚಿನ ಅಕ್ಷರ ಬೂದಿಬಣ್ಣಕ್ಕೆ ತಿರುಗಿ, ಎರಡು ತೊಳೆತಕ್ಕೆ ಹೋಗುತ್ತದೆ. ಸಣ್ಣ ಹೆಸರಿಗೆ ನಾನು ಮಾಡುವ ಉಪಾಯ, ಫೋಕಸ್ಸನ್ನು ನೆತ್ತಿಗೆ ಇಡದೆ ಮುಕ್ಕಾಲು ಮಿ.ಮೀ. ಕೆಳಗೆ ಇಡೋದು. ಆಗ ನೆತ್ತಿಗೂ ಅಂಚಿಗೂ ತಪ್ಪು ಸಮನಾಗಿ ಹಂಚಿಹೋಗುತ್ತದೆ. ನಾಲ್ಕಿಂಚಿನ ಲೆನ್ಸ್ ಹಾಕಿದರೆ ಅವಕಾಶ ನಾಲ್ಕು ಪಟ್ಟು ಸಿಗುತ್ತದೆ, ಆದರೆ ಮೊನೆ ಎರಡು ಪಟ್ಟು ದಪ್ಪ. ಇಂಗ್ಲಿಷ್ ದಪ್ಪಕ್ಷರಕ್ಕೆ ನಡೆಯುತ್ತದೆ. ಕನ್ನಡದ ಒತ್ತಿಗೆ ನಡೆಯಲ್ಲ.

ಅಗಲ ಬೇಕೇ ಬೇಕು ಅಂದರೆ ರೋಟರಿ. ಲೋಟವನ್ನು ಎರಡು ರಬ್ಬರ್ ರೋಲರ್ ಮೇಲೆ ಮಲಗಿಸಿ ಕಿರಣದ ಕೆಳಗೆ ಉರುಳಿಸುವ ಸಾಧನ. ಯಾವಾಗಲೂ ನೆತ್ತಿಯ ಮೇಲೇ ಗೆರೆ ಬೀಳುತ್ತದೆ, ಹಾಗಾಗಿ ಫೋಕಸ್ ತಪ್ಪಲ್ಲ. ಕೇಳೋಕೆ ಚೆಂದ. ಆದರೆ ನಮ್ಮ ಕಾಫಿ ಲೋಟ ಸಿಲಿಂಡರ್ ಅಲ್ವಲ್ಲ! ಬಾಯಿ ಅಗಲ, ತಳ ಸಣ್ಣ, ಬಾಯಿಗೊಂದು ಸುರುಳಿ ಅಂಚು. ಆ ಅಂಚು ರೋಲರ್ ಮೇಲೆ ಕೂತರೆ ಲೋಟ ತಲೆಯೆತ್ತಿ ಮಲಗುತ್ತದೆ. ತಳಕ್ಕೆ ಏನಾದರೂ ಆನಿಸಿ ಮೈಯನ್ನು ಮಟ್ಟಕ್ಕೆ ತರಬೇಕು. ತಂದರೂ, ಒಂದು ಸುತ್ತಿಗೆ ಬಾಯಿ ಹತ್ತಿರದ ಮೈ ಜಾಸ್ತಿ ದೂರ ಓಡುತ್ತದೆ, ತಳದ ಹತ್ತಿರ ಕಡಿಮೆ. ಅಕ್ಷರಗಳು ಮೇಲೆ ಅರಳಿ ಕೆಳಗೆ ಮುದುಡುತ್ತವೆ. ಇನ್ನು ಲೋಟ ಹಗುರ, ರೋಲರ್ ಮೇಲೆ ಜಾರುತ್ತದೆ. ಒಂದು ಸಲ ಹೆಸರಿನ ನಡುವೆ ಒಂದು ಕೂದಲೆಳೆ ಜಾರಿ, ಅರ್ಧ ಹೆಸರು ಒಂದು ಕಡೆ, ಇನ್ನರ್ಧ ಮೆಟ್ಟಿಲು ಇಳಿದ ಹಾಗೆ ಬಂತು. ಈಗ ಒಳಗೆ ರಾಗಿ ತುಂಬಿದ ಬಟ್ಟೆ ಚೀಲ ತುರುಕುತ್ತೇನೆ. ಮರಳೂ ಆಗುತ್ತದೆ, ಮನೆಯಲ್ಲಿ ರಾಗಿ ಇತ್ತು.

ಮಾರ್ಕು ಯಾವಾಗಲೂ ಹೊರಮೈಗೆ, ತುಟಿ ತಾಗುವ ಜಾಗದಿಂದ ಕೆಳಗೆ. ಬಟ್ಟಲಿನ ಒಳಗೆ ಮಗುವಿನ ಹೆಸರು ಬೇಕು ಅಂತ ಕೇಳುವವರಿದ್ದಾರೆ, ನಾನು ಮಾಡಿಕೊಡಲ್ಲ.

ಕನ್ನಡದಲ್ಲಿ ಹೆಸರು ಹಾಕೋದು ಬೇರೆಯದೇ ಕಥೆ. ಮೊದಲು ಫೈಲು. ಇನ್ವಿಟೇಶನ್ ಪ್ರೆಸ್ಸಿನಿಂದ ಗಿರಾಕಿ ತರುವ ಹಳೆಯ ನುಡಿ ಫಾಂಟಿನ ಸಾಲು ನನ್ನ ಕಂಪ್ಯೂಟರಿನಲ್ಲಿ ತೆರೆದರೆ ಏನೋ ಗೀಚಿದ ಹಾಗೆ ಕಾಣುತ್ತದೆ, ಯೂನಿಕೋಡಿನಲ್ಲಿ ಮತ್ತೆ ಟೈಪ್ ಮಾಡಬೇಕು. ಟೈಪ್ ಮಾಡಿ ಲೇಸರ್ ಸಾಫ್ಟ್‌ವೇರಿಗೆ ಹಾಕಿದರೆ ಒತ್ತುಗಳು ಕಳಚಿ ಬೀಳಬಹುದು. ‘ಪೂರ್ತಿ’ಯ ಅರ್ಕಾವೊತ್ತು ಎದ್ದು ಬಂದು ‘ತಿ’ಯ ಮುಂದೆ ‘ರ’ ಆಗಿ ನಿಂತಿದ್ದನ್ನು ನೋಡಿದ್ದೇನೆ. ಹಾಗಾಗಿ ಇಂಕ್‌ಸ್ಕೇಪ್ ಅನ್ನುವ ಚಿತ್ರ ಬಿಡಿಸುವ ಸಾಫ್ಟ್‌ವೇರಿನಲ್ಲಿ ಬರೆದು, ಅಕ್ಷರವನ್ನು ಗೆರೆಯ ಚಿತ್ರವಾಗಿ ಬದಲಿಸಿ, ಆಮೇಲೆ ಕಳಿಸೋದು. ಎರಡನೆಯದು ಎತ್ತರ. ನಮ್ಮ ಅಕ್ಷರ ಒಂದು ಮಹಡಿ ಅಲ್ಲ. ಮೇಲೆ ತಲಕಟ್ಟು, ನಡುವೆ ಮೈ, ಕೆಳಗೆ ಒತ್ತು. ಮೈ 8 ಮಿ.ಮೀ. ಇದ್ದರೆ ಒತ್ತಿಗೆ ಇನ್ನೂ 4, 5 ಬೇಕು. ಚೊಂಬಿನಂಥ, ಸುತ್ತಲೂ ಮೇಲಿಂದ ಕೆಳಕ್ಕೂ ಉಬ್ಬಿದ ಪಾತ್ರೆಯಲ್ಲಿ ರೋಟರಿ ಸುತ್ತಿನ ಉಬ್ಬನ್ನಷ್ಟೇ ನೋಡಿಕೊಳ್ಳುತ್ತದೆ. ಕೆಳಗಿನ ಒತ್ತು ಹೊಟ್ಟೆಯ ಇಳಿಜಾರಿಗೆ ಬಿದ್ದು ಮಂಕಾಗುತ್ತದೆ. ಮೂರನೆಯದು, ‘ಷ್ಟಿ’ಯಲ್ಲಿ ‘ಟ’ ಒತ್ತಿನ ಒಳಗಿನ ಪುಟ್ಟ ಖಾಲಿ ಜಾಗ. ಸ್ವಲ್ಪ ಬಿಸಿ ಜಾಸ್ತಿಯಾದರೂ ಅದು ತುಂಬಿಕೊಂಡು ಬೊಟ್ಟಾಗುತ್ತದೆ. ತೆಳ್ಳನೆಯ ಫಾಂಟು ಹಾಕಿದರೆ ಗೆರೆ ಹಿಡಿಯೋಕೆ ಜಾಗ ಸಾಲಲ್ಲ, ದಪ್ಪ ಹಾಕಿದರೆ ಕಣ್ಣು ಮುಚ್ಚುತ್ತದೆ. ನಾನು ಆರೇಳು ಫಾಂಟ್ ಹಾಳುಮಾಡಿ ಈಗ ಒಂದೇ ಒಂದಕ್ಕೆ ಅಂಟಿಕೊಂಡಿದ್ದೇನೆ. ಗಿರಾಕಿ ಬೇರೆ ಕೇಳಿದರೆ ಸ್ಟಾಕಿಲ್ಲ ಅಂತೀನಿ.

ಬೆಳಗಿನ ಜಾವ ನಾಲ್ಕೂವರೆಗೆ ಇಪ್ಪತ್ತೆರಡೂ ಮುಗಿದವು. ಮೊದಲೇ ನಿಂತಿದ್ದ ಮೂವತ್ತೆಂಟನ್ನೂ ಬಿಡಲಿಲ್ಲ. ಒಂದೊಂದನ್ನೂ ಹಸಿರು ಸ್ಕ್ರಬ್ಬಿನಲ್ಲಿ ಇಪ್ಪತ್ತು ಸಲ ಉಜ್ಜಿ, ನೀರು ಬಿಟ್ಟು, ಒರೆಸಿ, ಪೇಪರ್ ಸುತ್ತಿದೆ. ಏಳಕ್ಕೆ ಐದು ನಿಮಿಷ ಇರುವಾಗ ಛತ್ರದಲ್ಲಿದ್ದೆ. ಯಜಮಾನರು ಒಂದು ಲೋಟ ತೆಗೆದು, ಹೆಬ್ಬೆರಳಿನಲ್ಲಿ ಹೆಸರನ್ನು ಜೋರಾಗಿ ಉಜ್ಜಿ, “ಅಳಿಸಿ ಹೋಗಲ್ಲ ಅಲ್ವಾ?” ಅಂದರು. “ಇಲ್ಲ ಸಾರ್” ಅಂದೆ. ಉಪ್ಪಿಟ್ಟು ಕೊಟ್ಟರು. ನಿಂತುಕೊಂಡೇ ತಿಂದೆ.

ಈ ಅಳಿಸಿ ಹೋಗುವ ಪ್ರಶ್ನೆ ಹೊಸದೇನಲ್ಲ. ನಮ್ಮ ಕಡೆ ಪಾತ್ರೆ ಮೇಲೆ ಹೆಸರು ಹಾಕಿಸೋದು ಲೇಸರ್ ಬರುವ ಎಷ್ಟೋ ಮುಂಚಿನಿಂದ ಇದೆ. ಮದುವೆಯಲ್ಲಿ ಮುಯ್ಯಿ ಕೊಡುವ ಪಾತ್ರೆ ಮೇಲೆ ಕೊಟ್ಟವರ ಹೆಸರು ಇರಬೇಕು, ನಾಳೆ ಅವರ ಮನೆ ಮದುವೆಗೆ ತಿರುಗಿ ಮುಯ್ಯಿ ಮಾಡುವಾಗ ಲೆಕ್ಕ ತಪ್ಪಬಾರದು. ಬೀದಿಯಲ್ಲಿ ಯಾರ ಮನೆಯಲ್ಲಿ ಕಾರ್ಯ ಆದರೂ ಎಲ್ಲರ ಮನೆ ಪಾತ್ರೆ ಅಲ್ಲಿಗೆ ಹೋಗುತ್ತಿತ್ತು, ವಾಪಸ್ ಬರಬೇಕಾದರೆ ಹೆಸರು ಇರಲೇಬೇಕು. ಪಾತ್ರೆ ಅಂಗಡಿಯಲ್ಲಿ ಕೊಂಡ ಕೂಡಲೇ ‘ಹೆಸರು ಹಾಕಲಾ ಅಮ್ಮಾ?’ ಅಂತ ಕೇಳಿ, ಕರ್ರ್ ಅನ್ನುವ ಒಂದು ಕರೆಂಟ್ ಪೆನ್ನಿನಲ್ಲಿ ಬರೆದುಕೊಡುತ್ತಿದ್ದರು, ಈಗಲೂ ಕೆಲವು ಕಡೆ ಬರೆದುಕೊಡುತ್ತಾರೆ. ಅದಕ್ಕೂ ಮುಂಚೆ ಉಳಿ, ಸುತ್ತಿಗೆ. ಚುಕ್ಕೆ ಚುಕ್ಕೆಯಾಗಿ ಹೊಡೆದು ಅಕ್ಷರ ಮಾಡೋದು.

ಅಂಥ ಚುಕ್ಕೆಯ ಚೊಂಬು ನಮ್ಮ ಮನೆಯಲ್ಲಿದೆ. ಅಜ್ಜಿಯದು, ಹಿತ್ತಾಳೆಯದು. ಹೊಟ್ಟೆಯ ಮೇಲೆ ಅವರ ಹೆಸರು, ಪಕ್ಕದಲ್ಲಿ ತವರೂರಿನ ಮೊದಲಕ್ಷರ. ಹುಣಸೆಹಣ್ಣು ಹಚ್ಚಿ ಉಜ್ಜಿ ಉಜ್ಜಿ ಚುಕ್ಕೆಗಳ ಅಂಚು ಸವೆದಿದೆ, ಆದರೂ ಕತ್ತಲಲ್ಲಿ ಬೆರಳಾಡಿಸಿದರೂ ಓದಬಹುದು. ಬರೆದವನು ಉಬ್ಬಿನ ಜೊತೆ ಜಗಳ ಆಡಿಲ್ಲ. ಅಕ್ಷರ ಎಲ್ಲಿ ಇಳಿಜಾರಿಗೆ ಬರುತ್ತದೋ ಅಲ್ಲಿ ಚೊಂಬನ್ನೇ ಸ್ವಲ್ಪ ತಿರುಗಿಸಿಕೊಂಡು ಹೊಡೆದಿದ್ದಾನೆ. ಅವನಿಗೆ ಫೋಕಸ್ ಚಿಂತೆ ಇರಲಿಲ್ಲ.

ಹೋದ ದೀಪಾವಳಿಗೆ ಪಾತ್ರೆ ಬೆಳಗುವಾಗ ಅಮ್ಮ ಆ ಚೊಂಬನ್ನು ನನ್ನ ಮುಂದೆ ಇಟ್ಟು, “ಊರಿಗೆಲ್ಲ ಹಾಕಿಕೊಡ್ತೀಯಲ್ಲ, ಇದರ ಕೆಳಗೆ ನನ್ನ ಹೆಸರೂ ಹಾಕು” ಅಂದರು. ಹಿತ್ತಾಳೆ ಅಂದ ಕೂಡಲೇ ನನಗೆ ಕಸಿವಿಸಿ. ಈ ಕಾಂಪೌಂಡಿಗೆ ಸ್ಟೀಲು ಸಲೀಸು, ಯಾಕೆಂದರೆ ಸ್ಟೀಲು ಶಾಖವನ್ನು ಬೇಗ ಬಿಟ್ಟುಕೊಡಲ್ಲ, ಕಿರಣ ಬಿದ್ದ ಜಾಗ ಅಲ್ಲೇ ಕಾದು ನಿಲ್ಲುತ್ತದೆ. ಹಿತ್ತಾಳೆ ಅದಕ್ಕಿಂತ ಆರೇಳು ಪಟ್ಟು ಬೇಗ ಶಾಖವನ್ನು ಹರಡಿಬಿಡುತ್ತದೆ. ತಾಮ್ರ ಇಪ್ಪತ್ತು ಪಟ್ಟಿಗೂ ಜಾಸ್ತಿ. ಅದರ ಮೇಲೆ ಅಂಗಡಿಯಿಂದ ಬರುವ ಹೊಸ ಹಿತ್ತಾಳೆಗೆ ಹೊಳಪು ಮಾಸದಿರಲಿ ಅಂತ ವಾರ್ನಿಶ್ ಬೇರೆ ಹೊಡೆದಿರುತ್ತಾರೆ. ಅಜ್ಜಿ ಚೊಂಬಿನಲ್ಲಿ ವಾರ್ನಿಶ್ ಇಲ್ಲ, ಅಷ್ಟೇ ಸಮಾಧಾನ.

ನೇರವಾಗಿ ಚೊಂಬಿನ ಮೇಲೆ ಕೈ ಹಾಕೋಕೆ ಧೈರ್ಯ ಬರಲಿಲ್ಲ. ಮನೆಯಲ್ಲೇ ಇದ್ದ ಒಂದು ಹಳೆ ಹಿತ್ತಾಳೆ ಮುಚ್ಚಳ ತಗೊಂಡು ಹೋಗಿ, ತೊಳೆದು, ನೀರು ಹರಡಿ ನಿಲ್ಲುವ ತನಕ ತೊಳೆದು, ಲೇಪ ಹಾಕಿ, ಪವರ್ ಪೂರ್ತಿ ಇಟ್ಟು ವೇಗ ಅರ್ಧಕ್ಕೆ ಇಳಿಸಿ ಓಡಿಸಿದೆ. ಕಪ್ಪಗೆ ಬಂತು. ಒದ್ದೆ ಬಟ್ಟೆಗೂ ನಿಂತಿತು. ಖುಷಿಯಾಯಿತು. ಮನೆಗೆ ತಂದು ಅಮ್ಮನ ಕೈಗೆ ಕೊಟ್ಟೆ. ಅವರು ಏನೂ ಮಾತಾಡದೆ ಹುಣಸೆಹಣ್ಣು, ಉಪ್ಪು ಹಾಕಿ ಅವರ ರೀತಿಯಲ್ಲಿ ಒಂದು ಸುತ್ತು ಉಜ್ಜಿದರು. ಮುಚ್ಚಳ ಚಿನ್ನದ ಹಾಗೆ ಹೊಳೆಯಿತು. ಹೆಸರು ಇರಲಿಲ್ಲ.

“ಪೀಣ್ಯದಲ್ಲಿ ಫೈಬರ್ ಮಷಿನ್ ಇರುವವರ ಹತ್ತಿರ ಒಂದು ನಿಮಿಷದ ಕೆಲಸ, ಮಾಡಿಸಿಕೊಂಡು ಬರ್ತೀನಿ” ಅಂದೆ.

“ಬೇಡ ಬಿಡು, ಚೊಂಬು ತೊಳೆದು ಕೊಡು, ಎಣ್ಣೆಸ್ನಾನಕ್ಕೆ ನೀರು ಕಾದಿದೆ” ಅಂದರು.